ಹನ್ನೊಂದನೆಯ ಹೌದು

ಕಾಲೇಜಿನ ಮೂರನೆಯ ಮಹಡಿಯ ಮೂಲೆಯಲ್ಲಿ ಭೂವಿಜ್ಞಾನ ವಿಭಾಗವಿತ್ತು. ಅಷ್ಟು ತೂಕದ ಸಾಮಾನನ್ನು ಅಷ್ಟು ಎತ್ತರಕ್ಕೆ ಹೊರಿಸಿದ ಪುಣ್ಯಾತ್ಮ ಯಾರೋ, ಅವನು ನಿವೃತ್ತನಾಗಿ ಕಾಲವಾಗಿತ್ತು. ವಿಭಾಗದಲ್ಲಿ ಈಗ ಉಳಿದಿದ್ದದ್ದು ನಾನೂರು ಕಲ್ಲು, ಒಬ್ಬ ಅಟೆಂಡರು, ಒಬ್ಬರು ಮೇಷ್ಟ್ರು. ಊರಿನವರು ಅವರನ್ನು ಕಲ್ಲು ಮೇಷ್ಟ್ರು ಅನ್ನುತ್ತಿದ್ದರು, ಎದುರಿಗೂ. ಮೇಷ್ಟ್ರಿಗೆ ಬೇಸರವಿರಲಿಲ್ಲ. ಪಕ್ಕದ ಪ್ರಾಣಿಶಾಸ್ತ್ರದವರನ್ನು ಏನೆಂದು ಕರೆಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು.

ವರ್ಷಕ್ಕೊಮ್ಮೆ ಮೇಲಿನ ಕಚೇರಿಯಿಂದ ಒಂದು ನಮೂನೆ ಬರುತ್ತಿತ್ತು. ಕಳೆದ ಮೂರು ವರ್ಷಗಳಲ್ಲಿ ಓದು ಮುಗಿಸಿದವರ ಹೆಸರು, ಈಗ ಮಾಡುತ್ತಿರುವ ಕೆಲಸ, ಕೊನೆಗೆ ಬೆರಳಗಲದ ಒಂದು ಅಂಕಣ: ‘ಕೆಲಸವು ಓದಿಗೆ ಸಂಬಂಧಿಸಿದೆಯೇ? ಹೌದು / ಇಲ್ಲ.’ ಅರ್ಧಕ್ಕಿಂತ ಹೆಚ್ಚು ಹೌದು ಬಂದರೆ ವಿಭಾಗ ಉಳಿಯುತ್ತದೆ. ಬಾರದಿದ್ದರೆ ಮುಂದಿನ ವರ್ಷದಿಂದ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಪಟ್ಟಿಯಲ್ಲಿದ್ದವರು ಇಪ್ಪತ್ತೊಂದು ಜನ. ಬೇಕಾದದ್ದು ಹನ್ನೊಂದು ಹೌದು.

ಈ ಊರಿನಲ್ಲಿ ಗಣಿಯಿಲ್ಲ, ಎಣ್ಣೆ ಬಾವಿಯಿಲ್ಲ. ಭೂಮಿಯೇನೋ ಬೇಕಾದಷ್ಟಿತ್ತು, ಆದರೆ ಅದರ ಮೇಲೆ ಮನೆ ಕಟ್ಟುವವರಿಗೆ ಅದರ ಹೊಟ್ಟೆಯೊಳಗೇನಿದೆ ಎಂಬ ಕುತೂಹಲವಿರಲಿಲ್ಲ. ಹಾಗಾಗಿ ಮೇಷ್ಟ್ರು ನಮೂನೆ ತುಂಬುವುದನ್ನು ಒಂದು ಕಲೆಯಾಗಿ ಬೆಳೆಸಿಕೊಂಡಿದ್ದರು. ಬಚ್ಚಲಿಗೆ ಟೈಲ್ಸ್ ಮಾರುವವನು ‘ಶಿಲಾ ಉತ್ಪನ್ನಗಳ ವಿತರಣೆ’ಯಲ್ಲಿದ್ದ. ಸಿಮೆಂಟ್ ಲಾರಿ ಓಡಿಸುವವನು ‘ಸುಣ್ಣಶಿಲೆಯ ಸಾಗಣೆ’ಯಲ್ಲಿದ್ದ. ಬ್ಯೂಟಿ ಪಾರ್ಲರಿನಲ್ಲಿ ಮುಖಕ್ಕೆ ಮಣ್ಣು ಬಳಿಯುವವಳಿಗೆ ‘ಜೇಡಿಮಣ್ಣಿನ ಅನ್ವಯಿಕ ಬಳಕೆ’ ಎಂಬ ಪದವಿ ಸಿಕ್ಕಿತ್ತು. ಹೀಗೆ ಎಳೆದಾಡಿ ಹತ್ತು ಕೂಡಿಸಿದ ಮೇಲೆ, ಹನ್ನೊಂದನೆಯದಕ್ಕೆ ಅವರು ತಮ್ಮ ಅಕ್ಕನ ಮಗಳನ್ನೇ ತೆಗೆದುಕೊಂಡರು. ಆಕೆ ಪೇಟೆ ಬೀದಿಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಕನ್ನಡಕವೆಂದರೆ ಗಾಜು, ಗಾಜೆಂದರೆ ಮರಳು, ಮರಳೆಂದರೆ ಸಿಲಿಕಾ. ಮೇಷ್ಟ್ರು ಬರೆದರು: ‘ಸಿಲಿಕಾ ಆಧಾರಿತ ಉತ್ಪನ್ನಗಳ ಗುಣಮಟ್ಟ ಪರಿಶೀಲನೆ. ಹೌದು.’

ಹನ್ನೊಂದು ಸಿಕ್ಕಿದ ಮೇಲೆ ಮೇಷ್ಟ್ರು ಪ್ರಾಮಾಣಿಕರಾದರು. ಉಳಿದ ಹತ್ತೂ ಜನರ ಎದುರು ಚೊಕ್ಕ ಅಕ್ಷರದಲ್ಲಿ ‘ಇಲ್ಲ’ ಎಂದು ಬರೆದು, ಸಹಿ ಹಾಕಿ ಕಳಿಸಿದರು. ಇದು ನಡೆದು ನಾಲ್ಕು ತಿಂಗಳಾಗಿತ್ತು.

ಒಂದು ಸೋಮವಾರ ಸಂಜೆ ಅಕ್ಕನ ಮಗಳು ಮೂರು ಮಹಡಿ ಹತ್ತಿ, ಏದುಸಿರು ಬಿಡುತ್ತಾ ವಿಭಾಗಕ್ಕೆ ಬಂದಳು. ಓದುವಾಗ ಅವಳು ಈ ಹೊಸಿಲಿನ ಒಳಗೆ ಅವರನ್ನು ‘ಸರ್’ ಎಂದೇ ಕರೆಯುತ್ತಿದ್ದಳು. ಮೆಟ್ಟಿಲಿಳಿದ ಮೇಲೆ ‘ಮಾವ’. ಓದು ಮುಗಿದ ದಿನದಿಂದ ಎಲ್ಲ ಕಡೆಯೂ ಮಾವ.

“ಮಾವ, ಇದೇನೋ ಎಡವಟ್ಟಾಗಿದೆ ನೋಡಿ,” ಎಂದು ಒಂದು ಕಾಗದವನ್ನು ಮೇಜಿನ ಮೇಲಿಟ್ಟಳು.

ಊರಿನ ನೀರು ಸರಬರಾಜು ಕಚೇರಿ ಅಂತರ್ಜಲ ಹುಡುಕುವುದಕ್ಕೆ ಒಬ್ಬ ಸಹಾಯಕರನ್ನು ತೆಗೆದುಕೊಳ್ಳುವುದಿತ್ತು. ಒಂದೇ ಹುದ್ದೆ. ಹನ್ನೆರಡು ವರ್ಷಗಳಲ್ಲಿ ಈ ಊರಿನಲ್ಲಿ ಭೂವಿಜ್ಞಾನ ಓದಿದವರನ್ನೇ ಕೇಳಿಕೊಂಡು ಬಂದ ಮೊದಲ ಕೆಲಸ. ಓದಿಗೆ ಹೊಂದುವ ಕೆಲಸ ಇನ್ನೂ ಸಿಗದವರಿಗೆ ಮಾತ್ರ ಎಂಬ ನಿಯಮವಿತ್ತು. ಯಾರಿಗೆ ಸಿಕ್ಕಿದೆ, ಯಾರಿಗೆ ಇಲ್ಲ ಎಂಬುದನ್ನು ಕಾಲೇಜುಗಳೇ ಕಳಿಸಿದ ನಮೂನೆಯಿಂದ ನೋಡಿಕೊಳ್ಳುತ್ತಿದ್ದರು. ಕಾಗದದಲ್ಲಿ ಹೀಗಿತ್ತು: ‘ಅರ್ಜಿದಾರರು ಈಗಾಗಲೇ ತಮ್ಮ ಓದಿಗೆ ಸಂಬಂಧಿಸಿದ ಉದ್ಯೋಗದಲ್ಲಿರುವುದರಿಂದ ಅರ್ಜಿಯನ್ನು ಪರಿಗಣಿಸಿಲ್ಲ. ಆಕ್ಷೇಪಣೆಗಳನ್ನು ಶುಕ್ರವಾರ ಸಂಜೆ ಐದರೊಳಗೆ ವಿಭಾಗದ ಮುಖ್ಯಸ್ಥರ ಪತ್ರದೊಂದಿಗೆ ಸಲ್ಲಿಸಬಹುದು.’

“ಸಂಬಂಧಿಸಿದ ಉದ್ಯೋಗವಂತೆ,” ಎಂದಳು. “ಬೆಳಗ್ಗೆಯಿಂದ ಸಂಜೆವರೆಗೂ ಜನರ ಮೂಗು ಅಳೀತೀನಿ ಮಾವ. ಮೂಗಿಗೂ ಭೂಮಿಗೂ ಏನು ಸಂಬಂಧ?”

ಮೇಷ್ಟ್ರು ಕಾಗದವನ್ನು ಎರಡು ಸಲ ಓದಿದರು. ಎರಡನೆಯ ಸಲ ಓದುವ ಅಗತ್ಯವಿರಲಿಲ್ಲ. ತಲೆ ಎತ್ತಬಾರದೆಂದು ಓದಿದರು.

“ಗುಮಾಸ್ತರ ಕೈತಪ್ಪು ಇರ್ಬೇಕು,” ಅಂದರು.

“ನಾನೂ ಅದೇ ಅಂದ್ಕೊಂಡೆ. ಅಮ್ಮ ಹೇಳಿದ್ಲು, ಮಾವ ಇರೋವಾಗ ನಿಂಗ್ಯಾಕೆ ಚಿಂತೆ, ಕಾಗದ ಅವನ ಕೈಗೆ ಹಾಕಿ ಬಾ ಅಂತ.”

“ನಾನು ನೋಡ್ಕೋತೀನಿ,” ಎಂದರು ಮೇಷ್ಟ್ರು.

ಅವಳು ಹೊರಡುವಾಗ ತಟ್ಟೆಯಲ್ಲಿದ್ದ ಒಂದು ಕಲ್ಲನ್ನು ಎತ್ತಿ, ಬೆಳಕಿಗೆ ತಿರುಗಿಸಿ, ಪಕ್ಕದ ತಟ್ಟೆಯಲ್ಲಿಟ್ಟಳು. ಅಟೆಂಡರು ಹೋಗಿ ನೋಡಿ ನಕ್ಕರು. ಎರಡು ವರ್ಷದಿಂದ ಆ ಕಲ್ಲು ತಪ್ಪು ತಟ್ಟೆಯಲ್ಲಿತ್ತು.

“ಇಂಥವಳಿಗೆ ಸಿಗ್ಬೇಕು ಬಿಡಿ ಸ್ವಾಮಿ ಆ ಕೆಲಸ,” ಎಂದರು ಅಟೆಂಡರು. “ಕೈಗೆತ್ಕೊಂಡ್ರೆ ಸಾಕು, ಕಲ್ಲು ತಾನೇ ಹೆಸರು ಹೇಳ್ಕೊಳ್ಳತ್ತೆ.”

ಮೇಷ್ಟ್ರಿಗೆ ಅದು ಗೊತ್ತಿರಲಿಲ್ಲವೆಂದಲ್ಲ. ಐದು ವರ್ಷದ ಹಿಂದೆ ಅವಳು ಲೆಕ್ಕಶಾಸ್ತ್ರಕ್ಕೆ ಸೇರಬೇಕೆಂದು ಅರ್ಜಿ ಬರೆದಿಟ್ಟಿದ್ದಳು. ಆ ವರ್ಷ ಭೂವಿಜ್ಞಾನಕ್ಕೆ ಬಂದವರು ಆರೇ ಜನ. ತರಗತಿ ನಡೆಯಬೇಕಾದರೆ ಏಳು ಬೇಕು. ಮೇಷ್ಟ್ರು ಅಕ್ಕನ ಮನೆಯ ಜಗಲಿಯಲ್ಲಿ ಕೂತು ಎರಡು ಲೋಟ ಕಾಫಿ ಕುಡಿದು, “ಭೂಮಿ ಇರೋವರೆಗೂ ಈ ಓದಿಗೆ ಕೆಲಸ ಇರತ್ತೆ,” ಎಂದಿದ್ದರು. “ನೀನು ಹೇಳಿದ್ಮೇಲೆ ಮುಗೀತು,” ಎಂದಿದ್ದಳು ಅಕ್ಕ. ಹುಡುಗಿ ಲೆಕ್ಕಶಾಸ್ತ್ರದ ಅರ್ಜಿಯನ್ನು ಹರಿಯದೆ, ಅದರ ಹಿಂಬದಿಯಲ್ಲಿ ಕಲ್ಲುಗಳ ಚಿತ್ರ ಬರೆದುಕೊಂಡಳು. ಏಳನೆಯವಳಾಗಿ ತರಗತಿಯನ್ನು ಉಳಿಸಿದವಳನ್ನೇ ಹನ್ನೊಂದನೆಯವಳಾಗಿಸಿ ವಿಭಾಗ ಉಳಿಸಿಕೊಂಡದ್ದು ಮೇಷ್ಟ್ರಿಗೆ ಆಗ ಹೊಳೆದಿರಲಿಲ್ಲ. ಈಗ ಹೊಳೆಯಿತು, ಹೊಳೆದದ್ದು ಆರುವ ಹಾಗೆ ಕಾಣಲಿಲ್ಲ.

ಆ ಸಂಜೆಯೇ ಪತ್ರ ಬರೆದರು. ‘ಸದರಿ ವಿದ್ಯಾರ್ಥಿನಿಯ ಉದ್ಯೋಗವು ಓದಿಗೆ ಸಂಬಂಧಿಸಿರುವುದಿಲ್ಲ. ನಮೂನೆಯನ್ನು ತಿದ್ದಿಕೊಳ್ಳಬೇಕಾಗಿ ವಿನಂತಿ.’ ನಾಲ್ಕು ಸಾಲು. ಕೆಳಗೆ ಸಹಿಯ ಜಾಗ ಖಾಲಿ ಬಿಟ್ಟು ಪೆನ್ನಿನ ಮುಚ್ಚಳ ಹಾಕಿದರು. ಹನ್ನೊಂದರಲ್ಲಿ ಒಂದು ಹೋದರೆ ಹತ್ತು. ಈ ಲೆಕ್ಕಕ್ಕೆ ಯಾವ ಶಾಸ್ತ್ರವೂ ಬೇಕಿರಲಿಲ್ಲ. ಅಟೆಂಡರಿಗೆ ನಿವೃತ್ತಿಗೆ ನಾಲ್ಕು ವರ್ಷ, ತಮಗೆ ಆರು. ಒಬ್ಬನೇ ಒಬ್ಬ ಸಿಕ್ಕರೆ, ‘ಇಲ್ಲ’ಗಳಲ್ಲಿ ಒಂದನ್ನು ‘ಹೌದು’ ಮಾಡಿದರೆ, ಎರಡು ತಿದ್ದುಪಡಿಗಳನ್ನೂ ಒಟ್ಟಿಗೇ ಕೊಟ್ಟುಬಿಡಬಹುದು. ಯಾರಿಗೂ ನೋವಿಲ್ಲ. ಶುಕ್ರವಾರಕ್ಕೆ ಇನ್ನೂ ನಾಲ್ಕು ದಿನವಿದೆ.

ಮಂಗಳವಾರ ಹಳೆಯ ವಿದ್ಯಾರ್ಥಿಯೊಬ್ಬನ ವ್ಯಾಯಾಮ ಶಾಲೆಗೆ ಹೋದರು. ಅವನು ಕಬ್ಬಿಣ ಎತ್ತುತ್ತಾ ಮಾತಾಡಿದ. ಕಬ್ಬಿಣವೂ ಅದಿರಿನಿಂದಲೇ ಬರುವುದು ಎಂದು ಮೇಷ್ಟ್ರು ಶುರುಮಾಡಿದರು. “ಸರ್, ನಾನು ನಿಮ್ಮ ಪರೀಕ್ಷೇಲಿ ಮೂರು ಸಲ ಫೇಲು. ನನ್ನಿಂದ ವಿಭಾಗ ಉಳೀತು ಅಂದ್ರೆ ಕಲ್ಲುಗಳಿಗೇ ನಗು ಬರತ್ತೆ,” ಎಂದು ಅವನು ಬಾಗಿಲವರೆಗೂ ಬಂದು ಬೀಳ್ಕೊಟ್ಟ. ಬುಧವಾರ ‘ಇಲ್ಲ’ಗಳಲ್ಲಿ ಇನ್ನೊಬ್ಬ, ಮದುವೆ ಫೋಟೊ ತೆಗೆಯುವವನು, ಊರಲ್ಲಿರಲಿಲ್ಲ. ಅಂದು ಸಂಜೆ ಅಕ್ಕನ ಮಗಳು ಫೋನ್ ಮಾಡಿದಳು.

“ಮಾವ, ಹೋಗಿದ್ರಾ?”

“ನಡೀತಾ ಇದೆ,” ಎಂದರು ಮೇಷ್ಟ್ರು. ನಡೆಯುತ್ತಿದ್ದದ್ದು ಅವರ ಕಾಲುಗಳು ಮಾತ್ರ.

“ನೀವು ಇಷ್ಟು ಓಡಾಡ್ತಿರೋದು ನೋಡಿ ಅಮ್ಮಂಗೆ ಪಾಪ ಅನ್ಸಿದೆ. ಬಿಸಿಲಲ್ಲಿ ತಲೆಗೆ ಏನಾದ್ರೂ ಹಾಕ್ಕೊಳ್ಳಿ ಅಂದ್ಲು.”

ಬೆಳಗ್ಗೆ ಮೇಷ್ಟ್ರು ತಲೆಗೆ ಟವಲು ಸುತ್ತಿಕೊಂಡು ಹೊರಟರು.

ಗುರುವಾರವೂ ಹಾಗೇ ಹೋಯಿತು. ಶುಕ್ರವಾರ ಮೂರೂವರೆಗೆ ಮೇಷ್ಟ್ರು ಬಣ್ಣದ ಅಂಗಡಿಗೆ ಹೋದರು. ಅಲ್ಲಿದ್ದವನಿಗೆ ತರಗತಿಯಲ್ಲಿ ಕಲ್ಲುಪ್ಪು ಎಂದು ಹೆಸರು. ಸ್ಫಟಿಕ ಯಾವುದು, ಉಪ್ಪಿನ ಹರಳು ಯಾವುದು ಎಂದರೆ ನೆಕ್ಕಿ ನೋಡಿಯೇ ಹೇಳುತ್ತಿದ್ದವನು. ಈಗ ಯಂತ್ರದಲ್ಲಿ ಬಣ್ಣ ಬೆರೆಸುತ್ತಿದ್ದ. ಬಣ್ಣಗಳೆಲ್ಲ ಖನಿಜದವು. ಇದಕ್ಕಿಂತ ಹತ್ತಿರದ ಸಂಬಂಧ ಪಟ್ಟಿಯಲ್ಲೇ ಇರಲಿಲ್ಲ. ಮೊದಲ ಸಲವೇ ಹೊಳೆಯದೆ ಹೋಯಿತಲ್ಲ ಎಂದು ಮೇಷ್ಟ್ರು ಹಣೆ ಚಚ್ಚಿಕೊಂಡರು.

ಅಂಗಡಿಯಲ್ಲಿ ಒಬ್ಬಾಕೆ ಮಲಗುವ ಕೋಣೆಗೆ ಹಸಿರು ಹುಡುಕುತ್ತಿದ್ದಳು. ಮೊದಲನೆಯದು ಆಸ್ಪತ್ರೆಯ ಹಾಗಿದೆ ಎಂದಳು. ಎರಡನೆಯದು ಪಾಚಿಯ ಹಾಗಿದೆ ಎಂದಳು. ಮೂರನೆಯದನ್ನು ನೋಡಿ ಮೊದಲನೆಯದೇ ವಾಸಿ ಎಂದಳು. ಅಷ್ಟರಲ್ಲಿ ಗಡಿಯಾರ ನಾಲ್ಕು ಮುಕ್ಕಾಲು ತೋರಿಸುತ್ತಿತ್ತು. ಮೇಷ್ಟ್ರು ಆಗಲೂ ಎದ್ದು ಹೋಗಬಹುದಿತ್ತು. ನೀರಿನ ಕಚೇರಿ ಅಲ್ಲಿಂದ ಹತ್ತು ನಿಮಿಷದ ದಾರಿ. ಜೇಬಿನಲ್ಲಿ ಒಂದು ಪತ್ರವಂತೂ ಇತ್ತು. ಏಳಲಿಲ್ಲ.

ಕಲ್ಲುಪ್ಪು ಕೈ ಒರೆಸಿಕೊಂಡು ಬಂದು, ವಿಷಯವನ್ನೆಲ್ಲ ಗೌರವದಿಂದ ಕೇಳಿಸಿಕೊಂಡ.

“ಬೇಡ ಸರ್,” ಎಂದ. “ನನಗೆ ಆ ‘ಇಲ್ಲ’ನೇ ಬೇಕು. ನೀರಿನ ಆಫೀಸಿನ ಕೆಲಸಕ್ಕೆ ಅರ್ಜಿ ಹಾಕಿದೀನಿ. ಪಟ್ಟೀಲಿ ಉಳಿದಿರೋನು ನಾನೊಬ್ನೇ ಅಂತೆ. ನೀವು ಇಲ್ಲ ಅಂತ ಬರ್ದಿದ್ದಕ್ಕೇ ಅಲ್ವಾ ಸರ್. ಮನೆಗೆ ಬಂದು ಹೇಳ್ಬೇಕು ಅಂತಿದ್ದೆ, ನಿಮ್ಮ ಉಪಕಾರ ಮರೆಯಲ್ಲ.”

ಅವನು ಬಗ್ಗಿ ಕಾಲಿಗೂ ಬಿದ್ದ. ಹಸಿರಿನ ಹೆಂಗಸು ಯಾರೋ ದೊಡ್ಡವರಿರಬೇಕೆಂದು ತಾನೂ ಎದ್ದು ನಿಂತಳು.

ಮೇಷ್ಟ್ರು ಕಚೇರಿ ಮುಟ್ಟಿದಾಗ ಐದು ಹತ್ತು. ಗುಮಾಸ್ತ ಮೇಜಿನ ಖಾನೆಗೆ ಬೀಗ ಹಾಕುತ್ತಿದ್ದ. ಪತ್ರವನ್ನು ನಿಂತೇ ಓದಿದ.

“ಸೋಮವಾರದ ತಾರೀಖಿದೆ,” ಎಂದ.

“ಹೌದು.”

“ನಿಮ್ಮ ಕಾಲೇಜು ಇರೋದು ಈ ಬೀದಿ ಕೊನೇಲಿ ಅಲ್ವಾ?”

ಗುಮಾಸ್ತ ಪತ್ರವನ್ನು ಮಡಿಸಿ ಅವರ ಕೈಗೇ ಕೊಟ್ಟ. “ಸಾಹೇಬರು ಐದಕ್ಕೆ ಸಹಿ ಮಾಡಿ ಹೊರಟ್ರು. ಇನ್ನು ಮುಂದಿನ ಸಲಕ್ಕೇ. ಇದನ್ನ ಮೇಲಿನ ಕಚೇರಿಗೆ ಕಳಿಸಿ ತಿದ್ದಿಸಿದ್ರೆ ಮುಂದಿನ ಪಟ್ಟೀಲಿ ಹೆಸರಿರತ್ತೆ. ಮುಂದಿನ ಸಲ ಅಂತ ಒಂದಿದ್ರೆ.”

ಶನಿವಾರ ಬೆಳಗ್ಗೆ ಕನ್ನಡಕದ ಅಂಗಡಿ ಬಾಗಿಲು ತೆರೆಯುವುದಕ್ಕೆ ಮೊದಲೇ ಮೇಷ್ಟ್ರು ಮೆಟ್ಟಿಲ ಮೇಲೆ ನಿಂತಿದ್ದರು. ಅಕ್ಕನ ಮಗಳು ಅವರ ಮುಖ ನೋಡಿ, ಕೆಲಸ ಆಗಲಿಲ್ಲವೆಂದು ತಿಳಿದುಕೊಂಡಳು. ಆದರೂ ಮಾವನಿಗೆ ಸಂಕಟವಾಗಬಾರದೆಂದು, “ಹೋಗ್ಲಿ ಬಿಡಿ, ಬಂದಿದೀರಲ್ಲ, ಕಣ್ಣು ನೋಡ್ತೀನಿ ಕೂತ್ಕೊಳ್ಳಿ. ಎಷ್ಟು ವರ್ಷದ ಕನ್ನಡಕ ಇದು?” ಎಂದು ಎತ್ತರದ ಕುರ್ಚಿಯಲ್ಲಿ ಕೂರಿಸಿದಳು. ಅವರ ಮೂಗು ಅಳೆದಳು. ಪರೀಕ್ಷೆಯ ದುಂಡನೆಯ ಲೋಹದ ಫ್ರೇಮನ್ನು ಮುಖಕ್ಕೆ ಸಿಕ್ಕಿಸಿ, ಒಂದೊಂದೇ ಗಾಜು ಇಳಿಬಿಟ್ಟಳು. ಗೋಡೆಯ ಮೇಲಿನ ಅಕ್ಷರಗಳು ಮೊದಲು ಕರಗಿ, ಆಮೇಲೆ ಒಂದೊಂದಾಗಿ ನೆಟ್ಟಗೆ ನಿಂತವು.

“ಓದಿ ಮಾವ.”

“ಆ ಹೌದು ಬರೆದೋನು ನಾನೇ,” ಎಂದರು ಮೇಷ್ಟ್ರು.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಮೇಷ್ಟ್ರು ಎಲ್ಲವನ್ನೂ ಹೇಳಿದರು: ನಮೂನೆ, ಹನ್ನೊಂದು, ಕಲ್ಲುಪ್ಪು. ಅವಳು ಕೈಯಲ್ಲೊಂದು ಗಾಜು ಹಿಡಿದುಕೊಂಡೇ ಕೇಳಿದಳು.

“ನನ್ನ ಕೆಲಸಕ್ಕೆ ಏನಂತ ಹೆಸರು ಕೊಟ್ರಿ?”

“ಸಿಲಿಕಾ ಆಧಾರಿತ ಉತ್ಪನ್ನಗಳ ಗುಣಮಟ್ಟ ಪರಿಶೀಲನೆ.”

ಅವಳು ನಕ್ಕುಬಿಟ್ಟಳು. ತಡೆಯಲಾರದೆ ಬಂದ ನಗು; ಗಲ್ಲಾದಲ್ಲಿದ್ದ ಯಜಮಾನರೂ ತಲೆಯೆತ್ತಿ ನೋಡಿದರು. ನಗು ಎಷ್ಟು ಬೇಗ ಬಂತೋ ಅಷ್ಟೇ ಬೇಗ ಹೋಯಿತು.

“ಸೋಮವಾರವೇ ಯಾಕೆ ಹೇಳ್ಲಿಲ್ಲ?”

“ಇನ್ನೊಬ್ಬ ಸಿಗ್ತಾನೇನೋ ಅಂತ...”

“ಬುಧವಾರ ನಾನು ಫೋನ್ ಮಾಡಿದೆ.”

“ಹೂಂ.”

“ನಿನ್ನೆ ನಾಲ್ಕು ಮುಕ್ಕಾಲಿಗೆ ಎಲ್ಲಿದ್ರಿ?”

“ಬಣ್ಣದ ಅಂಗಡೀಲಿ.”

ಅವಳು ಗಾಜನ್ನು ಒರೆಸಿ ಪೆಟ್ಟಿಗೆಯ ಅದರ ಗೂಡಿನಲ್ಲಿಟ್ಟಳು. ಮೇಷ್ಟ್ರಿಗೆ ಅವಳ ಮುಖ ಎಂದೂ ಕಾಣದಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಜೇಬಿನಿಂದ ಪತ್ರ ತೆಗೆದು ಕೊಟ್ಟರು. ಅವಳು ಓದಿದಳು.

“ಇದ್ರಿಂದ ಈಗ ಏನಾಗತ್ತೆ?”

“ಮುಂದಿನ ಸಲ ಕರೆದ್ರೆ ನಿನ್ನ ಹೆಸರು ಪಟ್ಟೀಲಿ ಇರತ್ತೆ.”

“ನಿಮಗೆ?”

“ಹತ್ತಾಗತ್ತೆ.”

ಅವಳಿಗೆ ವಿಭಾಗ ಗೊತ್ತು, ಅಟೆಂಡರು ಗೊತ್ತು, ಯಾವ ಕಲ್ಲು ಯಾವ ತಟ್ಟೆಯದೆಂದು ಅವಳಷ್ಟು ಗೊತ್ತಿರುವವರು ಊರಿನಲ್ಲೇ ಇಲ್ಲ. ಒಂದು ಕ್ಷಣ, ‘ಹೋಗ್ಲಿ ಬಿಡಿ ಮಾವ, ಹರಿದುಹಾಕಿ’ ಅನ್ನುತ್ತಾಳೇನೋ ಎಂದು ಮೇಷ್ಟ್ರು ಕಾದರು. ಕಾದೆನಲ್ಲ ಎಂದು ಆಮೇಲೆ ಬಹಳ ದಿನ ಅವರಿಗೆ ತಮ್ಮ ಮೇಲೆಯೇ ಹೇಸಿಗೆಯಾಯಿತು.

ಅವಳು ಪತ್ರದ ಕೊನೆಯನ್ನು ಮತ್ತೊಮ್ಮೆ ನೋಡಿದಳು. ಸಹಿಯ ಜಾಗ ಇನ್ನೂ ಖಾಲಿಯಿತ್ತು. ಐದು ದಿನ ಊರೆಲ್ಲ ಸುತ್ತಿದ ಪತ್ರಕ್ಕೆ ಸಹಿಯೇ ಇರಲಿಲ್ಲ; ನಿನ್ನೆ ಗುಮಾಸ್ತ ಅದನ್ನು ನೋಡಿಯೂ ಹೇಳಿರಲಿಲ್ಲ. ಅವಳು ಪತ್ರವನ್ನು ಗಾಜಿನ ಕಟ್ಟೆಯ ಮೇಲೆ ಅವರ ಕಡೆಗೆ ತಿರುಗಿಸಿಟ್ಟು, ಬಿಲ್ಲು ಬರೆಯುವ ಪೆನ್ನಿನ ಮುಚ್ಚಳ ತೆಗೆದು ಪಕ್ಕದಲ್ಲಿಟ್ಟಳು.

“ಇಲ್ಲಿ ಹಾಕಿ ಸರ್,” ಎಂದಳು.

ಮೇಷ್ಟ್ರು ಸಹಿ ಹಾಕಿದರು. ಕಣ್ಣಿಗೆ ಸಿಕ್ಕಿಸಿದ್ದ ಗಾಜಿನಲ್ಲಿ ತಮ್ಮ ಹೆಸರಿನ ಒಂದೊಂದು ಅಕ್ಷರವೂ ದೊಡ್ಡದಾಗಿ, ಅಂಚು ಸಮೇತ ಕಾಣುತ್ತಿತ್ತು. ಅವಳು ಅವರ ಮುಖದಿಂದ ಫ್ರೇಮನ್ನು ಮೆಲ್ಲಗೆ ಬಿಡಿಸಿಕೊಂಡು, ಬಾಗಿಲಲ್ಲಿ ಕಾಯುತ್ತಿದ್ದ ಮುದುಕರನ್ನು ಒಳಗೆ ಕರೆದಳು.