ಏಳನೆಯ ವಾರ

ರೇವತಿಯ ತೊಡೆಯ ಮೇಲಿದ್ದ ನೀಲಿ ಸಿಲಿಂಡರ್ ನೋಡಿ ಬಸ್ಸಿನ ಕಂಡಕ್ಟರ್ ಹಿಂದೆ ಸರಿದ.

"ಏಮಮ್ಮಾ ಇದಿ, ಬಾಂಬಾ?" ತೆಲುಗಿನಲ್ಲಿ ಕೇಳಿದ.

"ಫ್ರಿಜ್ ಗ್ಯಾಸ್," ಎಂದಳು.

ಹಿಂದಿನ ಸೀಟಿನವರು ನಕ್ಕರು. ಅವಳೂ ನಗಬೇಕಿತ್ತು.

ರಜೆಗೆ ಊರಿಗೆ ಹೊರಟಿದ್ದ ಅವಳಿಗೆ ಅಣ್ಣ ಆಂಜಿನಪ್ಪ ದಾರಿಯಲ್ಲಿ ಹಿಂದೂಪುರದಿಂದ ಇದನ್ನು ಕೊಂಡು ತರಹೇಳಿದ್ದ. ಕಲ್ಯಾಣದುರ್ಗದಲ್ಲಿ ಅವನದು ಫ್ರಿಜ್ ರಿಪೇರಿ ಅಂಗಡಿ. ಭೂಮಿಯನ್ನು ಬಿಸಿ ಮಾಡುವ ಗ್ಯಾಸು. ಅಣುವಿಗಿಂತ ಸಣ್ಣ ಕಣಗಳನ್ನು ಗುರುತು ಹಿಡಿಯುವ ಗಾಜಿನ ಪೆಟ್ಟಿಗೆಗಳಿಗೂ ಇದನ್ನೇ ತುಂಬುತ್ತಾರೆ. ಇದರ ಬದಲಿಗೆ ಹಾನಿಯಿಲ್ಲದ ಮಿಶ್ರಣ ಹುಡುಕುವುದು ಮೂರು ವರ್ಷದಿಂದ ಪ್ರಯೋಗಾಲಯದಲ್ಲಿ ಅವಳ ಕೆಲಸ. ಹೋಲಿಸಿ ನೋಡಲು ದಿನವೂ ಹಳೆಯದನ್ನೂ ಹರಿಸಬೇಕು. ಅದು ಒಂದು ಕೊಳವೆಯಲ್ಲಿ ಕಿಟಕಿಯಾಚೆ ಹೋಗುತ್ತಿತ್ತು. ಕಿಟಕಿಯಾಚೆ ಒಂದು ಹೊಂಗೆ ಮರ.

ಹೊಸ ಮಿಶ್ರಣ ಆರು ವಾರ ಚೆನ್ನಾಗಿ ನಡೆಯಿತು. ಏಳನೆಯ ವಾರ ಗಾಜು ಮಬ್ಬಾಯಿತು; ಮಿಶ್ರಣ ಅದನ್ನು ತಿನ್ನತೊಡಗಿತ್ತು. ಪ್ರೊಫೆಸರ್ ಕೇಶವಯ್ಯ ಗಾಜನ್ನು ಬೆಳಕಿಗೆ ಹಿಡಿದು, "ವರದಿಯನ್ನ ಆರು ವಾರಕ್ಕೆ ನಿಲ್ಲಿಸಿದ್ರೆ ಸುಳ್ಳೇನೂ ಆಗಲ್ಲ," ಎಂದಿದ್ದರು. ಹಾಗೆ ಕಳಿಸಿದರೆ ಅವಳ ಫೆಲೋಶಿಪ್ ಇನ್ನೆರಡು ವರ್ಷ. ಇವತ್ತು ಹೂಂ ಅಥವಾ ಊಹೂಂ ಹೇಳಬೇಕು.

ಅಂಗಡಿಯಲ್ಲಿ ಅಣ್ಣ ಹಳೆಯ ಫ್ರಿಜ್ಜಿನ ಕೊಳವೆ ಕತ್ತರಿಸಿದ. ಉಳಿದಿದ್ದ ಗ್ಯಾಸು ಬುಸ್ಸೆಂದು ಬೀದಿಗೆ ಹೋಯಿತು.

"ಹಂಗೆ ಬಿಡಬಾರ್ದು ಕಣಣ್ಣ."

"ನೀವೆಲ್ಲಿಗೆ ಬಿಡ್ತೀರಮ್ಮ?"

ಅವಳು ಸ್ಟೂಲು ಎಳೆದುಕೊಂಡಳು.

ಫ್ರಿಜ್ಜು ಐಸ್‌ಕ್ಯಾಂಡಿ ಮಾರುವ ನಿರ್ಮಲಮ್ಮನದು. "ನಿನ್ ತಂಗಿ ಏನ್ ಓದ್ತವಳೆ, ಆಂಜಿನಪ್ಪ?"

"ನಮ್ ಕೆಲ್ಸಾನೇ ಕಣಮ್ಮ. ಇಂಗ್ಲೀಷ್‌ನಾಗೆ ಮಾಡ್ತವಳೆ."

"ಹಂಗಾರೆ ನೀನೇ ನೋಡಿ ಹೇಳಮ್ಮ. ಹೋದ್ಸಲ ಹದಿನೈದೇ ದಿನಕ್ಕೆ ಗ್ಯಾಸ್ ಖಾಲಿಯಾಗಿ ಕ್ಯಾಂಡಿಯೆಲ್ಲ ನೀರಾಗೋಯ್ತು."

ಅಣ್ಣ ಬೆಸುಗೆ ಹಾಕಿ ಗ್ಯಾಸು ತುಂಬುತ್ತಿರುವಾಗ ಫೋನು ಬಂತು.

"ಏನಮ್ಮಾ, ಆರು ವಾರದ್ದನ್ನೇ ಕಳಿಸಲಾ?" ಕೇಶವಯ್ಯ.

"ಕಳಿಸಿಬಿಡಿ ಸಾರ್."

ಅವರು ಉಸಿರು ಬಿಟ್ಟದ್ದು ಕೇಳಿಸಿತು.

ಅಣ್ಣ ಬೆಸುಗೆಗೆ ಸೋಪಿನ ನೊರೆ ಬಳಿದು, ಫ್ರಿಜ್ಜಿನ ಆ ಬದಿಗೆ ಬಗ್ಗಿದ. "ಗುಳ್ಳೆ ಎದ್ರೆ ಸೋರ್ತೈತೆ ಅಂತ. ನಿನ್ ಕಡೆ ಏಳ್ತೈತಾ ನೋಡು."

ನೊರೆ ಸುಮ್ಮನಿತ್ತು.

"ಇಲ್ಲ," ಎಂದಳು. ಆಗ ಅದು ನಿಜವೇ ಆಗಿತ್ತು.

ಅವನು ಸಿಲಿಂಡರ್ ಕಳಚಿ ಕೈ ತೊಳೆಯಲು ಹೋದ. ನಿರ್ಮಲಮ್ಮ ಸೆರಗಿನ ಗಂಟು ಬಿಚ್ಚಿ ಫ್ರಿಜ್ಜಿನ ಬಾಗಿಲಿಗೆ ಕುಂಕುಮ ಇಟ್ಟು, ಕೈ ಮುಗಿದಳು.

ನೊರೆಯ ಅಂಚಿನಲ್ಲಿ ಸಾಸಿವೆಯಷ್ಟು ಗುಳ್ಳೆ ಎದ್ದಿತು. ರೇವತಿ ನೋಡುತ್ತ ಕೂತಳು. ಅದು ಕಡಲೆಯಷ್ಟಾಯಿತು.

"ಸರಿಹೋಯ್ತಲ್ಲ ತಾಯಿ?" ಎಂದಳು ನಿರ್ಮಲಮ್ಮ.

ಗುಳ್ಳೆ ನಿಂಬೆಯಷ್ಟಾಯಿತು. ಒಡೆಯಲಿಲ್ಲ.