ಎಂಜಿನ್ ಎತ್ತುವ ಮುನ್ನ ಒಪ್ಪಿಸಬೇಕಾದ ಪಾಠ

ಸೋದರಮಾವನ ಗ್ಯಾರೇಜಿನಲ್ಲಿ ಒಂದು ನಿಯಮವಿದೆ. ಕಾರಿನಿಂದ ಎಂಜಿನ್ ಎತ್ತುವ ಮುನ್ನ, ಅದನ್ನು ಸಿದ್ಧಮಾಡಿದವನು ಏನೇನು ಬಿಚ್ಚಿದ್ದೇನೆಂದು ಗಟ್ಟಿಯಾಗಿ ಒಪ್ಪಿಸಬೇಕು. ಇನ್ನೊಬ್ಬ ಒಂದೊಂದನ್ನೂ ಮುಟ್ಟಿ ನೋಡಬೇಕು. ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ ಅಲ್ಲಿ ಕೆಲಸ ಕಲಿಯುತ್ತಿದ್ದ ನನಗೆ ಇದು ಮಗ್ಗಿ ಹೇಳಿದಂತೆ ಅನ್ನಿಸುತ್ತಿತ್ತು. ಮೌನದ ಬಗ್ಗೆ ನೂರಿಪ್ಪತ್ತು ಪುಟದ ಪ್ರಬಂಧ ಬರೆದವನು ನಾನು. ಅದನ್ನು ಓದಿದವರೂ ಮೌನವಾಗಿಯೇ ಇದ್ದಾರೆ.

ಸೋಮವಾರ ಮಾವನ ಕಣ್ಣಿನ ಆಪರೇಷನ್. ಗ್ಯಾರೇಜನ್ನು ಯಾರ ಕೈಗೆ ಕೊಡುವುದೆಂದು ತೋಚದೆ ಅದನ್ನು ಎರಡು ಸಲ ಮುಂದೂಡಿದ್ದರು. ಎಂಜಿನ್ ಇಳಿಸಲು ಬಂದಿದ್ದ ಒಂದು ಕಾರನ್ನು ತೋರಿಸಿ, ಇದನ್ನು ಅವನೊಬ್ಬನೇ ಸರಿಯಾಗಿ ಸಿದ್ಧಮಾಡಿದರೆ ಹೋಗುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ನನ್ನ ಬಗ್ಗೆ ಅತ್ತೆಗೆ ಹೇಳಿದ್ದರು. ಬೆಳಿಗ್ಗೆ ಅತ್ತೆ ನನ್ನ ಮುಖ ನೋಡಿ ನಿಟ್ಟುಸಿರು ಬಿಟ್ಟರು.

ಮನಸ್ಸಿಟ್ಟೇ ಮಾಡಿದೆ. ಕಾರಿನೊಳಗಿನ ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದು, ಪೈಪಿನಲ್ಲಿದ್ದ ಪೆಟ್ರೋಲ್ ಮುಗಿದು ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದೆ. ಬ್ಯಾಟರಿಯ ನೆಗೆಟಿವ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿದೆ. ತಣ್ಣಗಾದ ಮೇಲೆ ರೇಡಿಯೇಟರಿನ ನೀರು, ಆಯಿಲ್ ಇಳಿಸಿದೆ. ವೈರುಗಳಿಗೆ ಟೇಪ್ ಸುತ್ತಿ ಗುರುತು ಹಾಕಿದೆ. ಒಂದು, ಎರಡು ಎಂದು ಬರೆದಿದ್ದರೆ ಸಾಕಿತ್ತು. 'ಬಲಗಡೆಯ ಒಂಟಿ', 'ಕೆಳಗೆ ಅವಿತವನು' ಎಂದೆಲ್ಲ ಬರೆದೆ. ಮಾವ ಕಣ್ಣು ಕಿರಿದು ಮಾಡಿ ಓದಿದರು.

ಎಂಜಿನ್ ಎತ್ತುವ ರಾಟೆಯ ಚೈನ್ ಸಿಕ್ಕಿಸಿದ ಮೇಲೆ ಒಪ್ಪಿಸು ಅಂದರು. ಎಲ್ಲಾ ಆಗಿದೆ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ. ಅವರಿಗೂ ನನ್ನನ್ನು ನಂಬುವ ಆಸೆಯಿತ್ತೋ ಏನೋ, ಎತ್ತು ಅಂದರು.

ಎಂಜಿನ್ ನಾಲ್ಕು ಬೆರಳು ಎದ್ದಿತು. ಅದು ಅಲುಗಾಡದಿರಲೆಂದು ಮಾವ ಅಡಿಗೆ ಕೈ ತೂರಿಸಿ ಹಿಡಿದರು. ಆಗ ಕಂಡೆ: ಎಂಜಿನ್ನಿನ ಜೊತೆ ಕಾರಿನ ಮೂತಿಯೂ ಏಳುತ್ತಿತ್ತು. ಯಾವುದೋ ಬೋಲ್ಟ್ ಬಿಚ್ಚದೆ ಬಿಟ್ಟಿದ್ದೆ. ಮಬ್ಬುಗಣ್ಣಿನ ಮಾವನಿಗೆ ಅದು ಕಂಡಿರಲಿಲ್ಲ. ಹೇಳಿದರೆ ಆಪರೇಷನ್ ತಪ್ಪಿದಂತೆ. ಹೇಳದೆ ಇಳಿಸೋಣವೆಂದರೆ ಅವರ ಕೈ ಅಡಿಯಲ್ಲಿತ್ತು. ಚೈನನ್ನು ಅಲ್ಲೇ ಬಿಗಿಹಿಡಿದೆ.

"ಮಾವ, ಕೈ ತೆಗೀರಿ. ಒಂದು ಬೋಲ್ಟ್ ಬಿಟ್ಟಿದೀನಿ."

ಕೈ ತೆಗೆದರು. ಇಳಿಸಿದೆ. ಬೈಯುತ್ತಾರೆಂದು ಕಾದೆ, ಅವರು ಸ್ಟೂಲ್ ಎಳೆದು ಕೂತು, ಈಗ ಮೊದಲಿಂದ ಹೇಳು ಅಂದರು. ಹೇಳಿದೆ. ಒಂದೊಂದನ್ನೂ ಮುಟ್ಟಿ ನೋಡುತ್ತ ಹನ್ನೊಂದನೆಯದಕ್ಕೆ ಬಂದಾಗ, ಬಿಚ್ಚದೆ ಉಳಿದಿದ್ದ ಗೇರ್‌ಬಾಕ್ಸ್ ಕೆಳಗಿನ ಬೋಲ್ಟ್ ಸಿಕ್ಕಿತು. ಹದಿನಾಲ್ಕನೆಯದಕ್ಕೆ ಇನ್ನೊಂದು: ಎಂಜಿನ್ನಿಗೂ ಬಾಡಿಗೂ ನಡುವಿನ ಅರ್ಥ್ ವೈರ್. ಅದಕ್ಕೆ ಟೇಪ್ ಸುತ್ತಿ 'ಮರೆಯಬಾರದವನು' ಎಂದು ಬರೆದಿದ್ದೆ. ಬಿಚ್ಚಿರಲಿಲ್ಲ.

ಮಾವನಿಗೆ ನಗು ತಡೆಯಲಾಗಲಿಲ್ಲ. "ಸೋಮವಾರ ಹೋಗ್ತೀನಿ ಕಣೋ."

"ತಪ್ಪು ಮಾಡಿದೀನಲ್ಲ ಮಾವ?"

"ತಪ್ಪು ನಾನೂ ಮಾಡ್ತೀನಿ. ನೀನು ಬಾಯೇ ಬಿಡಲ್ಲ ಅಂತ ಭಯ ಇತ್ತು."

ಆದರೆ ಪ್ರತಿ ಎಂಜಿನ್ನಿಗೂ ಮುಂಚೆ ಆಸ್ಪತ್ರೆಗೆ ಫೋನ್ ಮಾಡಿ ಒಪ್ಪಿಸಬೇಕಂತೆ. ಕಣ್ಣಿಗೆ ಪಟ್ಟಿ ಕಟ್ಟಿದರೂ ಕಿವಿ ಖಾಲಿ ಇರುತ್ತದಲ್ಲ. ಸಂಜೆ ಅತ್ತೆ ಚೀಲಕ್ಕೆ ಬಟ್ಟೆ ತುಂಬುತ್ತಿದ್ದರು. ನಾನು ಗ್ಯಾರೇಜಿನ ಗೋಡೆಗೆ ಮುಖ ಮಾಡಿ ಗಟ್ಟಿಯಾಗಿ ಮಾತಾಡುವುದನ್ನು ಅಭ್ಯಾಸ ಮಾಡುತ್ತಿದ್ದೆ. ಪಕ್ಕದ ಅಂಗಡಿಯ ದರ್ಜಿ ಇಣುಕಿ, ಯಾರ ಜೊತೆ ಜಗಳ ಎಂದು ಕೇಳಿಕೊಂಡು ಹೋದ.