ದೋಷ ಕಂಡುಬಂದಿಲ್ಲ

ನೀರಿನ ಪರೀಕ್ಷಾಲಯದಲ್ಲಿ ಅಕ್ಕ ಕೆಲಸಕ್ಕೆ ಸೇರಿ ಹತ್ತೊಂಬತ್ತು ವರ್ಷವಾಗಿತ್ತು. ಅಲ್ಲಿನ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವ ಗುತ್ತಿಗೆ ತಂಗಿಗೆ ಸಿಕ್ಕಿದ್ದೂ ಅಕ್ಕನಿಂದಲೇ. "ನನ್ನ ತಂಗಿ ಅಂತ ಕೊಡಬೇಡಿ, ಕೆಲಸ ನೋಡಿ ಕೊಡಿ" ಎಂದು ಅಕ್ಕ ಮ್ಯಾನೇಜರಿಗೆ ಹೇಳಿದ್ದಳು. ತಂಗಿ ಕೆಲಸ ಮಾಡಿ ತೋರಿಸಿದ್ದಳು. ಮೂರು ವರ್ಷದಿಂದ ಅವಳ ಮನೆ ನಡೆಯುತ್ತಿದ್ದದ್ದು ಅದರಿಂದಲೇ. ಉಳಿದದ್ದೆಲ್ಲ ಇಲ್ಲೊಂದು ಅಂಗಡಿ, ಅಲ್ಲೊಂದು ಕ್ಲಿನಿಕ್ಕು, ಕರೆದಾಗ ಓಡುವ ಚಿಲ್ಲರೆ ಕೆಲಸ.

ಪರೀಕ್ಷಾಲಯದ್ದು ಎರಡು ಅಂತಸ್ತಿನ ಕಟ್ಟಡ. ಮೇಲೆ ಯಂತ್ರಗಳು, ಅವುಗಳ ಫಲಿತಾಂಶ ಕೂಡಿಡುವ ಸರ್ವರ್, ಮ್ಯಾನೇಜರರ ಕೋಣೆ. ಕೆಳಗೆ ಹಿಂಬದಿಯಲ್ಲಿ ಅಕ್ಕನ ಕೋಣೆ. ಅಲ್ಲಿ ನೀರಿನ ಬಾಟಲಿ ಇಡುವ ಎರಡು ಫ್ರಿಜ್ಜು, ಒಂದು ಸ್ಟೀಲ್ ಕಪಾಟು, ಒಂದು ಕಂಪ್ಯೂಟರ್. ಕೆಳಗೊಂದು ರೂಟರ್, ಮೇಲೊಂದು ರೂಟರ್, ನಡುವೆ ಗೋಡೆಯೊಳಗೆ ಹಾದುಹೋದ ಒಂದು ಕೇಬಲ್. ಯಂತ್ರ ಕೊಟ್ಟ ಫಲಿತಾಂಶವನ್ನು ಅಕ್ಕ ತನ್ನ ಪರದೆಯಲ್ಲಿ ನೋಡಿ ಒಪ್ಪಿದ ಮೇಲೆಯೇ ವರದಿ ಹೊರಗೆ ಹೋಗಬೇಕೆಂಬುದು ನಿಯಮ. ಎರಡು ದಿನದಲ್ಲಿ ಅವಳು ಒಪ್ಪಿದ್ದನ್ನೋ ತಳ್ಳಿದ್ದನ್ನೋ ಅಲ್ಲಿ ದಾಖಲಿಸದಿದ್ದರೆ ಮಾತ್ರ ಮ್ಯಾನೇಜರೇ ಸಹಿ ಹಾಕಬಹುದಿತ್ತು.

ಒಂದು ಸೋಮವಾರ ಬೆಳಿಗ್ಗೆ ಅಕ್ಕ ಫೋನ್ ಮಾಡಿದಳು. "ಮೇಲಿನದೇನೂ ಕಾಣ್ತಿಲ್ಲ ಕಣೇ. ಶುಕ್ರವಾರದಿಂದ ಹೀಗೇ. ಬಂದು ನೋಡು."

ತಂಗಿ ಬಂದು ಮೊದಲು ಕೇಬಲ್ ತುದಿಗಳನ್ನು ಕಿತ್ತು ಮತ್ತೆ ಸಿಕ್ಕಿಸಿದಳು. ದೀಪಗಳು ಹಸಿರಾಗಿಯೇ ಉರಿಯುತ್ತಿದ್ದವು. ಅಕ್ಕನ ಕಂಪ್ಯೂಟರಿನಿಂದ ಒಂದು ಸಣ್ಣ ಸಂದೇಶ ಕಳಿಸಿ ಕೆಳಗಿನ ರೂಟರನ್ನು ಕರೆದರೆ ಉತ್ತರ ಬಂತು, ಮೇಲಿನದನ್ನು ಕರೆದರೆ ಬರಲಿಲ್ಲ. ಕೆಳಗಿನ ರೂಟರಿನಿಂದಲೇ ಮೇಲಿನದನ್ನು ಕರೆದಳು, ಆಗ ಬಂತು. ಅಂದರೆ ಗೋಡೆಯೊಳಗಿನ ಕೇಬಲ್ ಚೆನ್ನಾಗಿಯೇ ಇದೆ. ಮೇಲೆ ಹೋಗಿ ಆ ರೂಟರನ್ನು ತೆರೆದು ನೋಡಿದಾಗ, ಅಕ್ಕನ ಕೋಣೆಯ ಕಡೆಗೆ ದಾರಿ ತೋರಿಸುವ ಒಂದು ಸಾಲು ಅದರಲ್ಲಿ ಇರಲಿಲ್ಲ. ಬರೆದು ಸೇರಿಸಿದಳು. ಕೆಳಗೆ ಪರದೆ ತುಂಬಿಕೊಂಡಿತು.

"ಏನಾಗಿತ್ತೇ?" ಎಂದು ಅಕ್ಕ ಕೇಳಿದಳು.

"ನೀನು ಕೇಳಿದ್ದು ಮೇಲಕ್ಕೆ ಹೋಗ್ತಿತ್ತು. ಉತ್ತರ ಯಾವ ಕಡೆ ಕಳಿಸ್ಬೇಕು ಅಂತ ಅದಕ್ಕೆ ಗೊತ್ತಿರ್ಲಿಲ್ಲ. ಆ ಸಾಲೇ ಅಳಿಸಿ ಹೋಗಿತ್ತು."

"ತಾನಾಗೇ ಅಳಿಸಿ ಹೋಗತ್ತಾ?"

"ಕರೆಂಟ್ ಹೋಗಿ ಬಂದ್ರೆ ಒಮ್ಮೊಮ್ಮೆ ಹಾಗಾಗತ್ತೆ" ಎಂದಳು ತಂಗಿ. ಆ ಮಾತು ಅವಳಿಗೇ ಒಪ್ಪಿಗೆಯಾಗಲಿಲ್ಲ. ಕರೆಂಟ್ ಹೋದರೂ ಉಳಿಯುವಂತೆ ಮೂರು ವರ್ಷದ ಹಿಂದೆ ಅವಳೇ ಅದನ್ನು ಉಳಿಸಿಟ್ಟಿದ್ದಳು.

ಮಂಗಳವಾರ ಪರದೆ ಮತ್ತೆ ಖಾಲಿ. ಈ ಸಲ ಅಕ್ಕ ಬಾಗಿಲು ಮುಂದೆ ಮಾಡಿ ಮೆಲ್ಲಗೆ ಹೇಳಿದಳು: "ಹೋದ ವಾರ ಬಾಟಲಿ ನೀರು ಮಾರೋ ಒಂದು ಕಂಪನಿಯ ನೀರು ಪರೀಕ್ಷೆಗೆ ಬಂದಿತ್ತು. ಮೂರು ಬಾಟಲಿಯಲ್ಲೂ ಚರಂಡಿ ನೀರಿನ ಕ್ರಿಮಿ. ಕುಡಿಯೋಕೆ ಯೋಗ್ಯ ಅಂತ ಒಪ್ಪಿಗೆ ಕೊಡಿ ಅಂದ್ರು ಮ್ಯಾನೇಜರ್ರು. ಆಗಲ್ಲ ಅಂದೆ. ಅದನ್ನ ಪರದೆಯಲ್ಲಿ ಬರೆಯೋಕೆ ನಿನ್ನೆ ಅದರ ಸರದಿ ಬರೋ ಮೊದಲೇ ಮತ್ತೆ ಹೋಯ್ತು."

ತಂಗಿ ಮೇಲಿನ ರೂಟರಿನ ದಾಖಲೆ ತೆಗೆದು ನೋಡಿದಳು. ಶುಕ್ರವಾರ ಬೆಳಿಗ್ಗೆ ಒಮ್ಮೆ, ಸೋಮವಾರ ಸಂಜೆ ಆರೂ ಹತ್ತಕ್ಕೆ ಒಮ್ಮೆ, ಮ್ಯಾನೇಜರರ ಹೆಸರಿನಲ್ಲಿ ಒಳಬಂದವರು ಆ ಸಾಲನ್ನು ಅಳಿಸಿದ್ದರು. ಆ ಪಾಸ್‌ವರ್ಡ್ ಅವರಿಗೆ ಬರೆದುಕೊಟ್ಟವಳೂ ಇವಳೇ. ಮೊಬೈಲಿನಲ್ಲಿ ಅದರ ಫೋಟೋ ತೆಗೆದುಕೊಂಡು ಅವರ ಕೋಣೆಗೆ ಹೋದಳು.

"ಸರ್, ಆ ದಾರಿ ನೀವೇ ತೆಗೆದಿದ್ದೀರಿ."

ಮ್ಯಾನೇಜರ್ ದನಿ ಎತ್ತಿ ಮಾತಾಡುವವರಲ್ಲ. "ಕೂತ್ಕೊಳ್ಳಿ. ಕೇಬಲ್ ಸರಿ ಇದೆಯಾ?"

"ಇದೆ."

"ಎರಡು ರೂಟರೂ?"

"ಸರಿ ಇವೆ. ಆದ್ರೆ..."

"ಹಾಗಿದ್ರೆ ಅದನ್ನೇ ಬರೆದುಕೊಡಿ. ಸುಳ್ಳು ಬರೀರಿ ಅಂತ ನಾನು ಹೇಳ್ತಿಲ್ವಲ್ಲ." ಅವರು ದುರಸ್ತಿ ವರದಿಯ ಹಾಳೆಯನ್ನು ಅವಳತ್ತ ಸರಿಸಿದರು. "ನಿಮ್ಮ ಗುತ್ತಿಗೆ ಮುಂದಿನ ತಿಂಗಳು ಮುಗಿಯತ್ತೆ, ಅಲ್ವಾ? ನನಗಂತೂ ಬೇರೆಯವರನ್ನ ಹುಡುಕೋ ಮನಸ್ಸಿಲ್ಲ."

ಅವಳು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ "ಎರಡೂ ರೂಟರ್, ಕೇಬಲ್ ಪರಿಶೀಲಿಸಲಾಗಿದೆ. ದೋಷ ಕಂಡುಬಂದಿಲ್ಲ" ಎಂದು ಬರೆದು ಸಹಿ ಹಾಕಿದಳು. ಕೊಡಲಿ ಕಾವು ಕುಲಕ್ಕೆ ಮೃತ್ಯು ಎಂಬ ಮಾತು ಆಗ ತಲೆಗೆ ಹೊಳೆಯಲಿಲ್ಲ. ಮನೆಗೆ ಹೋಗುವ ಬಸ್ಸಿನಲ್ಲಿ ಹೊಳೆಯಿತು.

ಅದಕ್ಕೂ ಮೊದಲು ಕೆಳಗೆ ಅಕ್ಕನಿಗೆ ಮುಖ ತೋರಿಸಬೇಕಿತ್ತು. "ನಿಜ ಹೇಳು, ಯಾರಾದ್ರೂ ಬೇಕಂತ ಮಾಡ್ತಿದ್ದಾರಾ?"

"ಹಳೇ ಮಷೀನು ಅಕ್ಕ. ಒಂದು ಭಾಗ ತರಿಸ್ಬೇಕು, ಒಂದೆರಡು ವಾರ ಆಗತ್ತೆ."

ಅಕ್ಕ ನಂಬಿದಳು. "ಮುಖ ಬಾಡಿದೆ, ಊಟ ಮಾಡ್ಕೊಂಡು ಹೋಗು" ಎಂದು ತನ್ನ ಡಬ್ಬಿಯನ್ನು ಅವಳ ಮುಂದಿಟ್ಟಳು. ತಂಗಿ ಎರಡು ತುತ್ತು ನುಂಗಿ ಎದ್ದಳು.

ಹನ್ನೊಂದನೆಯ ದಿನ ಅಕ್ಕನನ್ನು ವಿಚಾರಣೆಗೆ ಕರೆದರು. ನಲವತ್ತಕ್ಕೂ ಹೆಚ್ಚು ವರದಿಗಳನ್ನು ನೋಡದೆ ಬಿಟ್ಟಿದ್ದಾಳೆ, ತುರ್ತಿನಲ್ಲಿ ಮ್ಯಾನೇಜರೇ ಸಹಿ ಹಾಕಬೇಕಾಯಿತು ಎಂಬುದು ಆರೋಪ. ಬಾಟಲಿ ಕಂಪನಿಯ ವರದಿಯೂ ಆ ತುರ್ತಿನಲ್ಲೇ ಹೋಗಿತ್ತು. ಕಂಪ್ಯೂಟರಿಗೆ ಮೇಲಿನ ಸಂಪರ್ಕವೇ ಇರಲಿಲ್ಲ ಎಂದು ಅಕ್ಕ ಹೇಳಿದಳು. ಅವರು ಆ ಹಾಳೆಯನ್ನು ಮುಂದಿಟ್ಟರು. ಅಕ್ಷರದ ಗುರುತು ಹತ್ತಲು ಅವಳಿಗೆ ಸಹಿ ನೋಡಬೇಕಾಗಿರಲಿಲ್ಲ. ಚಿಕ್ಕಂದಿನಲ್ಲಿ ಆ ಕೈ ಹಿಡಿದು ಬರೆಸಿದವಳೇ ಅವಳು. ಮತ್ತೇನೂ ಹೇಳದೆ ಹಾಳೆಯನ್ನು ಹಿಂದಕ್ಕೆ ಕೊಟ್ಟಳು. ಅದನ್ನೇ ತಪ್ಪೊಪ್ಪಿಗೆ ಎಂದುಕೊಂಡು ಅವಳನ್ನು ಕೆಲಸದಿಂದ ತೆಗೆದರು.

ಅಂದು ಸಂಜೆ ಅವಳು ತಂಗಿಯ ಮನೆಗೆ ಬಂದಳು. ಒಳಗೆ ಬರಲಿಲ್ಲ, ಚಪ್ಪಲಿಯನ್ನೂ ಬಿಡಲಿಲ್ಲ.

"ಬೇರೆ ಯಾರ ಅಕ್ಷರ ಆಗಿದ್ರೂ ಜಗಳ ಆಡ್ತಿದ್ದೆ. ನಿನ್ನದು ನೋಡಿ ನನಗೆ ಬಾಯೇ ಬರ್ಲಿಲ್ಲ."

"ನಾನು ಸುಳ್ಳು ಬರೀಲಿಲ್ಲ ಅಕ್ಕ."

"ಗೊತ್ತು. ಸುಳ್ಳಾಗಿದ್ರೆ ಎಲ್ಲಾದ್ರೂ ಸಿಕ್ಕಿಬೀಳ್ತಿತ್ತು."

ತಂಗಿ ಮೊಬೈಲ್ ತೆಗೆದಳು. "ಅವರೇ ಅಳಿಸಿದ್ದಕ್ಕೆ ಫೋಟೋ ಇದೆ. ನಾಳೆನೇ ಬಂದು ತೋರಿಸ್ತೀನಿ."

ಅಕ್ಕ ಆ ಪರದೆಯನ್ನು ಬಹಳ ಹೊತ್ತು ನೋಡಿದಳು. "ಇದು ಯಾವಾಗಿಂದ ಇದೆ ನಿನ್ನ ಹತ್ರ?"

ತಂಗಿ ಪರದೆಯನ್ನು ಆರಿಸಿದಳು.

"ಬೇಡ ಬಿಡು. ನಿನ್ನದೂ ಯಾಕೆ ಹೋಗ್ಬೇಕು. ಮನೇಲಿ ಒಬ್ಬರದು ಹೋಗಿದ್ದು ಸಾಕು."

ಆ ಮಾತು ಕೇಳಿದೊಡನೆ ತಂಗಿಗೆ ಎದೆಯ ಭಾರ ಇಳಿದಂತಾಯಿತು. ಹಾಗೆ ಇಳಿದದ್ದನ್ನು ಅಕ್ಕ ಅವಳ ಮುಖದಲ್ಲಿ ನೋಡಿದಳು. ನೋಡಿ, ಹೊರಟು ಹೋದಳು.

ಗುತ್ತಿಗೆ ಮುಂದುವರಿಯಿತು. ಅಕ್ಕ ಒಂದು ಔಷಧದಂಗಡಿಯ ಗೋದಾಮಿನಲ್ಲಿ ಕೆಲಸ ಹಿಡಿದಳು. ಅಕ್ಕತಂಗಿಯರು ಮಾತು ಬಿಡಲಿಲ್ಲ. ಅಮ್ಮನ ಮೊಣಕಾಲು, ಡಾಕ್ಟರ ಬಳಿ ಹೋಗುವ ದಿನ, ಇಷ್ಟು ಮಾತಾಡುತ್ತಿದ್ದರು. ಐದಾರು ತಿಂಗಳ ಮೇಲೆ ಬಸ್ ನಿಲ್ದಾಣದಲ್ಲಿ ಭಾವ ಸಿಕ್ಕರು. ಮನೆಯ ಇಂಟರ್ನೆಟ್ ಮೂರು ದಿನ ಕೆಟ್ಟಿತ್ತು, ಯಾರೋ ಒಬ್ಬನನ್ನು ಕರೆಸಿದೆವು, ಅರ್ಧ ದಿನ ತಡಕಾಡಿ ಹೋದ ಎಂದು ಮಾತಿನ ನಡುವೆ ಹೇಳಿದರು.

"ನನಗೆ ಒಂದು ಫೋನ್ ಮಾಡ್ಬಾರ್ದಿತ್ತಾ ಭಾವ?"

ಭಾವ ತರಕಾರಿ ಚೀಲವನ್ನು ಇನ್ನೊಂದು ಕೈಗೆ ಬದಲಾಯಿಸಿದರು. "ನಾನೂ ಹಾಗೇ ಅಂದೆ. ನಿಮ್ಮಕ್ಕ ಎದ್ದು ಅಡುಗೆಮನೆಗೆ ಹೋದ್ಲು."

ಅಷ್ಟರಲ್ಲಿ ಅವರ ಬಸ್ ಬಂತು.